ಚೆನ್ನೆಮಣೆಯ ಮೂರು ಖಾಲಿ ಗುಳಿಗಳು

ಕಾಪುವಿನ ನಮ್ಮ ಮನೆಯಲ್ಲಿ ಚೆನ್ನೆಮಣೆಯನ್ನು, ಅಂದರೆ ಅಳಗುಳಿ ಆಡುವ ಮಣೆಯನ್ನು, ಬರಿದಾಗಿ ಎತ್ತಿಡುವ ಹಾಗಿರಲಿಲ್ಲ. ಆಟ ಮುಗಿದರೆ ಹದಿನಾಲ್ಕು ಗುಳಿಗಳಿಗೂ ನಾಲ್ಕು ನಾಲ್ಕು ಕೆಂಪು ಕಾಯಿ ತುಂಬಿಸಿ, ಮೇಲೊಂದು ಹಳೆಯ ಬಟ್ಟೆ ಮುಚ್ಚಿ, ಒಳಕೋಣೆಯ ಮರದ ಪೆಟ್ಟಿಗೆಯಲ್ಲಿ ಇಡಬೇಕು. ಇದು ಊರಿನ ಪದ್ಧತಿಯೋ ದೊಡ್ಡಮ್ಮ ತಾನೇ ಮಾಡಿಕೊಂಡ ಕಾನೂನೋ ನನಗೆ ಈಗಲೂ ಗೊತ್ತಿಲ್ಲ. ಕೇಳಿದರೆ, "ಖಾಲಿ ಗುಳಿ ಮನೆಗೆ ಆಗುವುದಿಲ್ಲ" ಎನ್ನುತ್ತಿದ್ದರು. ಮತ್ತೆ ಕೇಳಿದರೆ ಕಣ್ಣು ಕೆಂಪಗೆ ಮಾಡುತ್ತಿದ್ದರು. ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಅಮ್ಮ ಬೇಗ ತೀರಿಹೋದದ್ದರಿಂದ ನನ್ನನ್ನು ಸಾಕಿದ್ದು ಅವರೇ, ಸಿಟ್ಟು ಮಾಡಲು ಕಲಿಸಿದ್ದೂ ಅವರೇ.

ಆ ನಾಲ್ಕು ನಾಲ್ಕು ಕಾಯಿಗಳು ಒಬ್ಬ ಹುಡುಗಿಯ ಒಂದು ವರ್ಷವನ್ನು ಇನ್ನೇನು ನುಂಗಿಬಿಡುತ್ತಿದ್ದವು. ನುಂಗಲಿಲ್ಲ. ಆ ಸಮಾಧಾನ ಇರುವುದರಿಂದಲೇ ಇದನ್ನು ಇಷ್ಟು ಆರಾಮಾಗಿ ಕುಳಿತು ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ನಡುವಿನ ಮಾತು. ನಾನು ಮಣಿಪಾಲದ ಒಂದು ಸಣ್ಣ ತರಬೇತಿ ಸಂಸ್ಥೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಆ ಸಂಸ್ಥೆ ಮುಚ್ಚಿ ಎಷ್ಟೋ ಕಾಲವಾಯಿತು, ಈಗ ಅದರ ಕಟ್ಟಡವೂ ಇಲ್ಲ. ಮೇಲಿನ ಮಹಡಿಯಲ್ಲಿ ಒಂದು ತಂಪು ಕೋಣೆ, ಅದರಲ್ಲಿ ಬಟ್ಟೆಯ ಕಪಾಟಿನಷ್ಟು ಎತ್ತರದ ಒಂದು ಯಂತ್ರ, ಅದಕ್ಕೆ ನಾಲ್ಕು ಪರದೆಗಳು, ಮೂಲೆಯಲ್ಲಿ ಕರಕರ ಎನ್ನುವ ಒಂದು ಪ್ರಿಂಟರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಧೂಳು ಬರಬಾರದೆಂದು ಈ ಏರ್ಪಾಡು ಎಂದು ಬಾಗಿಲಲ್ಲೇ ಬರೆದಿತ್ತು. ಆದರೂ ನಮ್ಮ ಹುಡುಗರು ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡೇ ಒಳಗೆ ಹೋಗುತ್ತಿದ್ದರು. ಪರೀಕ್ಷೆ ಹತ್ತಿರ ಬಂದಾಗ ನಾನೂ ಮುಟ್ಟಿದ್ದುಂಟು, ಯಾರೂ ನೋಡದಿದ್ದರೆ.

ಸಂಸ್ಥೆಯ ಪ್ರಾಂಶುಪಾಲರು ಉಡುಪಿಯವರು. ರಥಬೀದಿಯ ಹಿಂದಿನ ಓಣಿಯಲ್ಲಿ ಅವರ ಮನೆ. ಜೀವನಪೂರ್ತಿ ಗಣಿತ ಕಲಿಸಿ, ನಿವೃತ್ತಿಯಾದ ಮೇಲೆ ಕಂಪ್ಯೂಟರ್ ಕಲಿತವರು. ಕಲಿತು ಸುಮ್ಮನೆ ಕೂರಲಿಲ್ಲ. ಎರಡು ವರ್ಷ ಕೂತು, ಮಕ್ಕಳಿಗೆ ಸುಲಭವಾಗಲೆಂದು ತಾವೇ ಒಂದು ಪುಟ್ಟ ಭಾಷೆ ಮಾಡಿದರು, ಅದಕ್ಕೊಂದು ಕಂಪೈಲರ್ ಬರೆದರು. ಕಂಪೈಲರ್ ಎಂದರೆ ನಾವು ಬರೆದ ಪ್ರೋಗ್ರಾಮನ್ನು ಓದಿ, ಯಂತ್ರಕ್ಕೆ ತಿಳಿಯುವ ಮಾತಿಗೆ ಬದಲಾಯಿಸಿ ಕೊಡುವ ದುಭಾಷಿ. ದುಭಾಷಿ ತಪ್ಪು ಹೇಳಿದರೆ ಬೈಗುಳ ಬೀಳುವುದು ಮಾತಾಡಿದವನಿಗೆ. ಇದು ನನಗೆ ಆಮೇಲೆ ಅರ್ಥವಾಯಿತು.

ಆ ಮೇ ತಿಂಗಳಲ್ಲಿ ಅವರು ನನ್ನನ್ನು ಕರೆದು ಒಂದು ಕೆಲಸ ಒಪ್ಪಿಸಿದರು. ಯಂತ್ರದ ನೆನಪಿನಲ್ಲಿ ಜಾಗ ಕೇಳಿ ಪಡೆಯಲು ಅವರ ಭಾಷೆಯಲ್ಲಿ ಒಂದು ಆದೇಶ ಇತ್ತು: ಮೊದಲು 'ನ್ಯೂ', ಆಮೇಲೆ ಒಂದು ಹೆಸರು, ಆಮೇಲೆ ಕಂಸದೊಳಗೆ ಒಂದು ಸಂಖ್ಯೆ.

"ಇದನ್ನು ಎರಡು ರೀತಿ ಓದಬಹುದು ನೋಡಿ," ಎಂದರು. "ಕಂಸದಲ್ಲಿ ಹತ್ತು ಅಂತ ಉಂಟು ಅಂತಿಟ್ಟುಕೊಳ್ಳಿ. ನೆನಪಿನಲ್ಲಿ ಅಕ್ಕಪಕ್ಕದ ಹತ್ತು ಮನೆ ಕೊಡು ಅಂತ ಓದಬಹುದು. ಒಂದೇ ಮನೆ ಕೊಟ್ಟು ಅದರೊಳಗೆ ಹತ್ತು ಅಂತ ಬರೆದಿಡು ಅಂತಲೂ ಓದಬಹುದು. ನಾನು ಮೊದಲು ಎರಡನೇ ರೀತಿ ಬರೆದಿದ್ದೆ. ಆಮೇಲೆ ಮಕ್ಕಳಿಗೆ ಕಷ್ಟ ಆಗ್ತದೆ ಅಂತ ಬದಲಾಯಿಸಿದೆ. ಈಗ ಕಂಸದಲ್ಲಿ ಇರುವುದು ಮನೆಗಳ ಲೆಕ್ಕ, ಅಷ್ಟೇ. ಮಕ್ಕಳಿಗೆ ಕೊಡುವ ಪುಸ್ತಕದಲ್ಲಿಯೂ ಹಾಗೇ ಬರೆದಿದ್ದೇನೆ. ಕಂಪೈಲರ್ ಯಾವುದನ್ನು ಹಿಡಿದಿದೆ ಅಂತ ನೀವು ಪರೀಕ್ಷೆ ಮಾಡಿ ಸಹಿ ಹಾಕಿ ಕೊಡಿ."

ನನಗೆ ಹೆಮ್ಮೆಯಾಯಿತು. ಅವರ ಎರಡು ವರ್ಷದ ಕೆಲಸವನ್ನು ನಾನು ಒರೆಗೆ ಹಚ್ಚುವುದು!

ಆಗ ಯಂತ್ರದ ಸಮಯ ಸಿಗುವುದೇ ಕಷ್ಟ, ಸಿಕ್ಕಿದರೆ ಕರೆಂಟು ಇರುತ್ತಿರಲಿಲ್ಲ. ಹಾಗಾಗಿ ಏನೇ ಮಾಡುವುದಿದ್ದರೂ ಮೊದಲು ಮನೆಯಲ್ಲಿ ಕೈಯಲ್ಲೇ ಮಾಡಿ ನೋಡಿ, ಆಮೇಲೆ ಯಂತ್ರದ ಮುಂದೆ ಕೂರುವ ಅಭ್ಯಾಸ ನಮಗೆಲ್ಲ ಇತ್ತು. ಬೇರೆಯವರು ಚೌಕುಳಿ ಕಾಗದದಲ್ಲಿ ಮನೆ ಎಳೆದು ಮಾಡುತ್ತಿದ್ದರು. ನನಗೆ ಚೆನ್ನೆಮಣೆ ಹೊಳೆಯಿತು. ಸಾಲಾಗಿ ಹದಿನಾಲ್ಕು ಗುಳಿ, ಒಂದೊಂದರಲ್ಲಿ ಇಷ್ಟಿಷ್ಟು ಕಾಯಿ. ನೆನಪಿನ ಮನೆಗಳೆಂದರೂ ಅಷ್ಟೇ ತಾನೆ? ಪೆಟ್ಟಿಗೆಯಿಂದ ಮಣೆ ತೆಗೆದೆ. ದೊಡ್ಡಮ್ಮ ಅಡುಗೆಮನೆಯಿಂದ ಸೌಟು ಹಿಡಿದೇ ಬಂದರು.

"ಆಟಿ ತಿಂಗಳು ಬರಲಿಕ್ಕೆ ಇನ್ನೂ ಎಷ್ಟು ದಿನ ಉಂಟು? ಚೆನ್ನೆ ಆಡುವುದು ಆಟಿಯ ಮಳೆಯಲ್ಲಲ್ಲವಾ, ಈಗ ಯಾಕೆ ಮಣೆ ತೆಗೆದದ್ದು?"

"ಆಡಲಿಕ್ಕಲ್ಲ ದೊಡ್ಡಮ್ಮ, ಆಫೀಸಿನ ಕೆಲಸಕ್ಕೆ."

"ಚೆನ್ನೆಮಣೆಯಲ್ಲಿ ಎಂತ ಆಫೀಸು ಮಾರಾಯ್ತಿ!" ಎಂದು ಗೊಣಗಿದರು. ಕೊನೆಗೆ ಒಪ್ಪಿದರು, ಒಂದು ಷರತ್ತಿನ ಮೇಲೆ: ಗುಳಿ ಬರಿದು ಮಾಡಬಾರದು, ತುಂಬಿದ ಕಾಯಿ ತುಂಬಿದ ಹಾಗೇ ಇರಬೇಕು.

ನನಗೇನು ಕಷ್ಟ? ಎಲ್ಲ ಗುಳಿಗಳಲ್ಲೂ ನಾಲ್ಕು ನಾಲ್ಕು ಇರುವ ಹಾಗೇ ಇಟ್ಟುಕೊಂಡು ಲೆಕ್ಕ ಹಾಕಿದೆ. ಕಂಸದಲ್ಲಿ ಯಾವ ಸಂಖ್ಯೆ ಹಾಕುವುದು? ಕಣ್ಣ ಮುಂದೆ ನಾಲ್ಕೇ ಇತ್ತು, ನಾಲ್ಕನ್ನೇ ಹಾಕಿದೆ. ಮರುದಿನ ಮಣಿಪಾಲಕ್ಕೆ ಹೋಗಿ ಅದನ್ನೇ ಯಂತ್ರಕ್ಕೆ ಹಾಕಿದೆ. ಮೊದಲು ಹದಿನಾಲ್ಕು ಮನೆಗಳಿಗೂ ನಾಲ್ಕು ಎಂದು ತುಂಬಿಸಿದೆ, ನಮ್ಮ ಮಣೆಯನ್ನೇ ಯಂತ್ರದೊಳಗೆ ಇಟ್ಟ ಹಾಗೆ. ಆಮೇಲೆ 'ನ್ಯೂ' ಎಂದು ಕಂಸದಲ್ಲಿ ನಾಲ್ಕು ಕೊಟ್ಟೆ. ಸಿಕ್ಕಿದ ನಾಲ್ಕು ಮನೆಗಳಲ್ಲಿ ಏನಿದೆ, ಮುದ್ರಿಸು ಎಂದೆ. ಪ್ರಿಂಟರು ಕರಕರ ಎಂದು ನಾಲ್ಕು, ನಾಲ್ಕು, ನಾಲ್ಕು, ನಾಲ್ಕು ಎಂದು ಹೊಡೆಯಿತು. ನಾಲ್ಕು ಮನೆ ಸಿಕ್ಕಿವೆ, ಒಳಗಿದ್ದುದು ಇದ್ದ ಹಾಗೇ ಇದೆ. ಸರಿಯಾಗಿಯೇ ಉಂಟಲ್ಲ! ದಾಖಲೆ ಪುಸ್ತಕದಲ್ಲಿ 'ಪರೀಕ್ಷಿಸಿದೆ, ಸರಿ ಇದೆ' ಎಂದು ಬರೆದು ಸಹಿ ಹಾಕಿದೆ. ಸಹಿಯ ಕೆಳಗೆ ಒಂದು ಗೆರೆಯನ್ನೂ ಎಳೆದೆ.

ಓದುವವರಲ್ಲಿ ಚುರುಕಿನವರಿಗೆ ನನ್ನ ಪೆದ್ದುತನ ಈಗಾಗಲೇ ಕಂಡಿರಬಹುದು. ನನಗೆ ಅದು ಕಾಣಲು ಎರಡು ತಿಂಗಳು ಬೇಕಾಯಿತು.

ಪ್ರಾಯೋಗಿಕ ಪರೀಕ್ಷೆ ಮುಂದೆ ಹೋಗಿ ಹೋಗಿ ಆಟಿಯಲ್ಲಿ ಬಂತು. ಆಟಿ ಎಂದರೆ ಮಳೆ ಜಡಿಯುವ ತಿಂಗಳು, ಕಡಲಿಗೆ ದೋಣಿ ಇಳಿಯುವುದಿಲ್ಲ, ಹೆಂಗಸರು ಒಣಮೀನು ಮಾರಿ ದಿನ ದೂಡುತ್ತಾರೆ. ಹೊರಗಿನ ಪರೀಕ್ಷಕರಾಗಿ ಕಾರ್ಕಳದಿಂದ ಒಬ್ಬ ಹಿರಿಯ ಅಧ್ಯಾಪಕರು ಬಂದಿದ್ದರು. ಮೆತ್ತಗಿನ ಮನುಷ್ಯ, ಮಾತು ಕಡಿಮೆ. ಅವರಿಗೆ ನಮ್ಮ ಭಾಷೆ ಹೊಸದು. ಹಾಗಾಗಿ ಯಾವುದಕ್ಕೂ ನನ್ನ ಮುಖ ನೋಡುತ್ತಿದ್ದರು, ಮತ್ತು ನಾನು ಹೇಳಿದ್ದೇ ನಡೆಯುತ್ತಿತ್ತು.

ಹುಡುಗರು ಒಬ್ಬೊಬ್ಬರಾಗಿ ಚೀಟಿ ಎತ್ತಿದರು. ಹೆಚ್ಚಿನ ಚೀಟಿಗಳಲ್ಲಿ ಒಂದೇ ಪಟ್ಟಿಯ ಲೆಕ್ಕ. ಒಂದರಲ್ಲಿ ಮಾತ್ರ ಎರಡು ಪಟ್ಟಿ: ಉಡುಪಿಯ ಹತ್ತು ದಿನದ ಮಳೆ, ಕಾರ್ಕಳದ ಹತ್ತು ದಿನದ ಮಳೆ, ಎರಡನ್ನೂ ತುಂಬಿಸಿಟ್ಟು ಅಕ್ಕಪಕ್ಕ ಮುದ್ರಿಸಬೇಕು. ಅದು ಬಂದದ್ದು ಎರ್ಮಾಳಿನ ಹುಡುಗಿಗೆ.

ಈ ಹುಡುಗಿ ನನಗೆ ಮೊದಲಿಂದ ಗೊತ್ತು. ಅವಳ ತಾಯಿ ಬುಟ್ಟಿ ಹೊತ್ತುಕೊಂಡು ಕಾಪುವಿನಲ್ಲಿ ಮೀನು ಮಾರುವವರು. ನಮ್ಮ ಮನೆಗೆ ಅವರದೇ ಮೀನು. ಓದಿನಲ್ಲಿ ಒಂದು ಸಲ ಎಡವಿದರೂ ಅಲ್ಲಿಗೆ ಬಿಡಿಸುತ್ತೇನೆ ಎಂದು ಹುಡುಗಿಯ ಸೋದರಮಾವ ಹೇಳಿದ್ದಾರೆಂದೂ, ಆ ಮನೆಯಲ್ಲಿ ಮಾವನ ಮಾತೇ ಕೊನೆಯೆಂದೂ ಆಕೆ ದೊಡ್ಡಮ್ಮನ ಹತ್ತಿರ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಪ್ರಾಯೋಗಿಕ ಪರೀಕ್ಷೆಯಲ್ಲಿ ಫೇಲಾದರೆ ಇಡೀ ವರ್ಷ ಮತ್ತೆ ಮಾಡಬೇಕಿತ್ತು. ಅಂದರೆ ಅವಳ ಓದು ಅಲ್ಲಿಗೆ ಮುಗಿದ ಹಾಗೆ. ಇದೆಲ್ಲ ಗೊತ್ತಿದ್ದದ್ದರಿಂದಲೇ ನಾನು ಅವಳ ಮೇಲೆ ಹೆಚ್ಚು ಬಿಗಿಯಾಗಿದ್ದೆ. ಗುರುತಿನವಳೆಂದು ಸಲಿಗೆ ಕೊಟ್ಟಳು ಎಂದು ಯಾರೂ ಹೇಳಬಾರದಲ್ಲ.

ಅವಳ ಪ್ರೋಗ್ರಾಮು ಓಡಿತು, ಆದರೆ ಬಂದ ಉತ್ತರ ವಿಚಿತ್ರ. ಕಾರ್ಕಳದ ಪಟ್ಟಿ ಸರಿಯಿತ್ತು. ಉಡುಪಿಯ ಪಟ್ಟಿಯಲ್ಲಿ ಮೊದಲ ದಿನ ಉಡುಪಿಯ ಮಳೆ, ಎರಡನೆಯ ದಿನದಿಂದ ಸುರಿದದ್ದೆಲ್ಲ ಕಾರ್ಕಳದ ಮಳೆ. ಪರೀಕ್ಷಕರು ಸಣ್ಣಗೆ ನಕ್ಕರು. ನಾನು ನಗಲಿಲ್ಲ.

"ಎಂತ ಇದು?"

"ಗೊತ್ತಾಗುವುದಿಲ್ಲ ಮೇಡಂ. ಆದರೆ ನನ್ನದು ಸರಿ ಉಂಟು. ಒಂದಕ್ಕೆ ಹತ್ತು ಮನೆ ಕೇಳಿದ್ದೇನೆ, ಇನ್ನೊಂದಕ್ಕೆ ಹತ್ತು ಕೇಳಿದ್ದೇನೆ. ಪುಸ್ತಕದಲ್ಲಿ ಇದ್ದ ಹಾಗೇ."

"ನಿನ್ನದು ಸರಿ ಇದ್ದರೆ ಯಂತ್ರಕ್ಕೆ ಎಂತ ನಿನ್ನ ಮೇಲೆ ದ್ವೇಷವಾ?"

"ಮೇಡಂ, ಕಂಪೈಲರ್..."

"ಕಂಪೈಲರನ್ನು ನಾನೇ ಪರೀಕ್ಷೆ ಮಾಡಿ ಸಹಿ ಹಾಕಿದ್ದು!" ಎಂದೆ. ನನ್ನ ಗಂಟಲು ದೊಡ್ಡದು. ಕೋಣೆಯಲ್ಲಿದ್ದ ಉಳಿದ ಹುಡುಗರೆಲ್ಲ ತಿರುಗಿ ನೋಡಿದರು. "ಕುಣಿಯಲಿಕ್ಕೆ ಬಾರದವಳು ಅಂಗಳ ಡೊಂಕು ಎನ್ನುವ ಮಾತು ನನ್ನ ಹತ್ತಿರ ಬೇಡ" ಎನ್ನುವಂಥದ್ದೇ ಏನೋ ಒಂದನ್ನು ಸೇರಿಸಿದೆ. ಅದಕ್ಕಿಂತ ಕೆಟ್ಟದಾಗಿಯೇ ಹೇಳಿರಬೇಕು. "ಇದಕ್ಕೆ ಪಾಸು ಸಿಗುವುದಿಲ್ಲ" ಎಂದೂ ಹೇಳಿದೆ. ಹೇಳುವ ಹಾಗಿರಲಿಲ್ಲ, ಆದರೂ ಹೇಳಿದೆ. ಅವಳು ಅಳಲಿಲ್ಲ. ತನ್ನ ಪ್ರೋಗ್ರಾಮಿನ ಕಾಗದವನ್ನು ನೀಟಾಗಿ ಮಡಚಿ ಪರೀಕ್ಷಕರ ಮೇಜಿನ ಮೇಲಿಟ್ಟು ಹೋದಳು.

ಅಂದು ಶನಿವಾರ. ಅಂಕದ ಹಾಳೆಗೆ ನಾವಿಬ್ಬರೂ ಸಹಿ ಹಾಕಿದೆವು. ಪರೀಕ್ಷಕರು ಅದನ್ನು ಲಕೋಟೆಯಲ್ಲಿಟ್ಟುಕೊಂಡು, ಸೋಮವಾರ ಬೆಳಿಗ್ಗೆ ತಾನೇ ಮಂಗಳೂರಿನ ಪರೀಕ್ಷಾ ಕಚೇರಿಗೆ ಮುಟ್ಟಿಸುತ್ತೇನೆ ಎಂದು ಹೇಳಿ ಕಾರ್ಕಳದ ಬಸ್ಸು ಹತ್ತಿದರು.

ಮರುದಿನ ಬೆಳಿಗ್ಗೆ ಆ ಹುಡುಗಿಯ ತಾಯಿ ನಮ್ಮ ಮನೆಗೆ ಬಂದರು, ಬುಟ್ಟಿಯಲ್ಲಿ ಒಣಸಿಗಡಿ ಇಟ್ಟುಕೊಂಡು. ನಾವು ಆಡಿದ್ದೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನು ಒಳಗೆ ಹೋಗಿ ಕೂತೆ. ಆಕೆ ಕೇಳಿದರೆ ಏನು ಹೇಳುವುದು ಎಂಬ ಹೆದರಿಕೆ. ಆದರೆ ಆಕೆ ಮಗಳ ವಿಷಯವನ್ನೇ ಎತ್ತಲಿಲ್ಲ. ಹುಡುಗಿ ಮನೆಯಲ್ಲಿ ಹೇಳಿಲ್ಲ ಎಂದುಕೊಂಡೆ, ಸ್ವಲ್ಪ ಉಸಿರು ಬಿಟ್ಟೆ.

"ಒಂದು ಆಟ ಆಡುವನಾ ಅಕ್ಕಾ?" ಎಂದು ಆಕೆ ದೊಡ್ಡಮ್ಮನನ್ನು ಕೇಳಿದರು. ಆಟಿಯಲ್ಲಿ ಅವರಿಬ್ಬರೂ ಹೀಗೆ ಜಗಲಿಯಲ್ಲಿ ಕೂತು ಒಂದಾಟ ಆಡುವುದಿತ್ತು. ಆಕೆ ಒಳ್ಳೆಯ ಆಟಗಾರ್ತಿ, ದೊಡ್ಡಮ್ಮ ಸೋತು ಮುಖ ಊದಿಸಿಕೊಳ್ಳುವುದೇ ಹೆಚ್ಚು. ಅಂದು ಮಾತ್ರ ಒಂದಾಟ ಎರಡಾಯಿತು, ಎರಡು ಮೂರಾಯಿತು. ಬುಟ್ಟಿ ಅಲ್ಲೇ ಇತ್ತು, ಆಕೆ ಏಳಲಿಲ್ಲ. ಮೂರರಲ್ಲೂ ಸೋತರು.

"ಇವತ್ತು ನಿನಗೆ ಎಂತ ಆಗಿದೆ ಮಾರಾಯ್ತಿ, ಕಣ್ಣು ಎಲ್ಲಿ ಉಂಟು?" ಎಂದು ದೊಡ್ಡಮ್ಮ ಖುಷಿಯಲ್ಲಿ ಕೂಗುವುದು ನನಗೆ ಒಳಗೆ ಕೇಳಿಸಿತು.

ಚೆನ್ನೆಯಲ್ಲಿ ಸೋತವರಿಗೆ ಮುಂದಿನ ಆಟಕ್ಕೆ ತಮ್ಮ ಕಡೆಯ ಗುಳಿಗಳನ್ನೆಲ್ಲ ತುಂಬಲು ಕಾಯಿ ಸಾಲುವುದಿಲ್ಲ. ಇದ್ದಷ್ಟು ತುಂಬಿ, ಉಳಿದದ್ದನ್ನು ಖಾಲಿ ಬಿಟ್ಟು ಆಡಬೇಕು. ನಾನು ಚಹಾ ಹಿಡಿದು ಜಗಲಿಗೆ ಬಂದಾಗ ಆಕೆಯ ಕಡೆ ನಾಲ್ಕು ಗುಳಿಗಳಲ್ಲಿ ನಾಲ್ಕು ನಾಲ್ಕು ಕಾಯಿ, ಬದಿಯ ಮೂರು ಖಾಲಿ. ಆ ಮಣೆಯಲ್ಲಿ ತುಂಬಿದ್ದೂ ಖಾಲಿಯೂ ಹೀಗೆ ಅಕ್ಕಪಕ್ಕ ಇದ್ದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅಂದು ಮಾತ್ರ ಚಹಾ ಕೈಯಲ್ಲೇ ಉಳಿಯಿತು.

ಮೇ ತಿಂಗಳಲ್ಲಿ ನಾನು ಇದೇ ಮಣೆಯನ್ನು ಮುಂದಿಟ್ಟುಕೊಂಡು ಕೂತಿದ್ದೆನಲ್ಲ? 'ನಾಲ್ಕು ಗುಳಿ ಕೊಡು' ಎಂದರೆ ಸಿಗುವುದು ನಾಲ್ಕು ಕಾಯಿಯ ನಾಲ್ಕು ಗುಳಿ. 'ಒಂದು ಗುಳಿಯಲ್ಲಿ ನಾಲ್ಕು ಕಾಯಿ ಇಡು' ಎಂದರೆ? ಅಲ್ಲಿ ಮೊದಲೇ ನಾಲ್ಕು ಇತ್ತು, ಪಕ್ಕದಲ್ಲೂ ನಾಲ್ಕು, ಅದರ ಪಕ್ಕದಲ್ಲೂ ನಾಲ್ಕು. ಯಾವ ರೀತಿ ಓದಿದರೂ ಮಣೆ ನೋಡಲು ಒಂದೇ ಥರ! ಯಂತ್ರದಲ್ಲೂ ನಾನು ಅದನ್ನೇ ಮಾಡಿದ್ದೆ. ಕಂಸದಲ್ಲಿ ಐದು ಎಂದು ಬರೆದಿದ್ದರೂ ಸಾಕಿತ್ತು, ಗೊತ್ತಾಗುತ್ತಿತ್ತು. ಗುಳಿ ಖಾಲಿ ಇಟ್ಟಿದ್ದರೂ ಗೊತ್ತಾಗುತ್ತಿತ್ತು. ಹಾಗಾದರೆ ನಾನು ಪರೀಕ್ಷೆ ಮಾಡಿದ್ದು ಏನನ್ನು? ಏನನ್ನೂ ಇಲ್ಲ.

ಕಂಪೈಲರ್ ಹಳೆಯ ರೀತಿಯಲ್ಲೇ ಓದುತ್ತಿದ್ದರೆ ಹುಡುಗಿಯ ಉಡುಪಿ ಪಟ್ಟಿಗೆ ಹತ್ತರ ಬದಲು ಒಂದೇ ಮನೆ ಸಿಕ್ಕಿರುತ್ತದೆ. ಎರಡನೆಯ ಮನೆಯಿಂದಲೇ ಕಾರ್ಕಳದ ಪಟ್ಟಿ ಶುರುವಾಗಿ, ಉಡುಪಿಯ ಲೆಕ್ಕವನ್ನು ಅಳಿಸಿ ಅದರ ಮೇಲೆಯೇ ಕೂತಿರುತ್ತದೆ. ಮೊದಲ ದಿನ ಮಾತ್ರ ಉಡುಪಿಯ ಮಳೆ, ಉಳಿದದ್ದೆಲ್ಲ ಕಾರ್ಕಳದ್ದು. ನಿನ್ನೆ ಕಾಗದದಲ್ಲಿ ಬಂದದ್ದೂ ಅದೇ. ಒಂದೇ ಪಟ್ಟಿ ಇದ್ದವರಿಗೆ ಅದರ ಮೇಲೆ ಬೀಳಲು ಇನ್ನೊಂದು ಪಟ್ಟಿ ಇರಲಿಲ್ಲ, ಅವರದು ಸರಿಯಾಗಿ ಓಡಿತು.

ಚಹಾವನ್ನು ಜಗಲಿಯ ಮೇಲಿಟ್ಟು, ಸೀರೆ ಬದಲಾಯಿಸಿ, ಕೊಡೆ ಹಿಡಿದು ಹೊರಟೆ. "ಎಲ್ಲಿಗೆ? ತಿಂಡಿ?" ಎಂದು ದೊಡ್ಡಮ್ಮ ಕೂಗಿದರು. ನಾನು ಆಗಲೇ ಅಂಗಳ ದಾಟಿದ್ದೆ. ಹುಡುಗಿಯ ತಾಯಿಯ ಮುಖ ನೋಡುವ ಧೈರ್ಯ ಬರಲಿಲ್ಲ.

ಉದ್ಯಾವರದ ಸೇತುವೆ ದಾಟುವಾಗ ಬಸ್ಸು ನಿಂತು ನಿಂತು ಹೋಗುತ್ತಿತ್ತು, ಡ್ರೈವರನಿಗೆ ಮನಸ್ಸಿನಲ್ಲೇ ಬೈದೆ. ಪ್ರಾಂಶುಪಾಲರ ಮನೆ ಮುಟ್ಟಿದಾಗ ಅವರು ಪೂಜೆ ಮುಗಿಸಿ ಊಟಕ್ಕೆ ಎಲೆ ಹಾಕಿಸಿಕೊಂಡಿದ್ದರು. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಅವರ ಮುಖ ಬಿಗಿಯಾಯಿತು.

"ನನ್ನ ಕಂಪೈಲರಿನಲ್ಲಿ ತಪ್ಪು ಇರಲಿಕ್ಕೆ ಸಾಧ್ಯ ಇಲ್ಲ. ನೀವೇ ಸಹಿ ಹಾಕಿದ್ದೀರಲ್ಲ?"

"ಸಾರ್, ಆ ಸಹಿಗೆ ಬೆಲೆ ಇಲ್ಲ. ಅದನ್ನೇ ಹೇಳಲಿಕ್ಕೆ ಬಂದದ್ದು."

ಅವರು ನನ್ನನ್ನೊಮ್ಮೆ ನೋಡಿದರು. ಒಳಗೆ ತಿರುಗಿ, "ಎಲೆ ಮುಚ್ಚಿಡು, ಬಂದೆ" ಎಂದು ಹೆಂಡತಿಗೆ ಹೇಳಿ ಬೀಗದ ಕೈ ತೆಗೆದುಕೊಂಡರು. ಉಟ್ಟ ಪಂಚೆಯಲ್ಲೇ, ಹಸಿದ ಹೊಟ್ಟೆಯಲ್ಲೇ ಹೊರಟರು. ಆ ಮನುಷ್ಯನ ಮೇಲೆ ನನಗಿರುವ ಗೌರವ ಆ ಒಂದು ನಡೆಯಿಂದ ಹುಟ್ಟಿದ್ದು.

ಮಣಿಪಾಲದಲ್ಲಿ ಅದೃಷ್ಟಕ್ಕೆ ಕರೆಂಟು ಇತ್ತು. ಈ ಸಲ ಹದಿನಾಲ್ಕು ಮನೆಗಳಿಗೂ ಸೊನ್ನೆ ತುಂಬಿಸಿದೆ. ಉಳಿದದ್ದೆಲ್ಲ ಮೇ ತಿಂಗಳ ಹಾಗೇ. ಪ್ರಿಂಟರು ಹೊಡೆಯಿತು: ನಾಲ್ಕು, ಸೊನ್ನೆ, ಸೊನ್ನೆ, ಸೊನ್ನೆ. ಸರಿಯಿದ್ದರೆ ನಾಲ್ಕೂ ಸೊನ್ನೆ ಬರಬೇಕಿತ್ತು.

ಪ್ರಾಂಶುಪಾಲರು ಕಾಗದವನ್ನು ಹರಿದುಕೊಂಡು ಕಿಟಕಿಯ ಹತ್ತಿರ ಹೋಗಿ ನಿಂತರು. "ಹಳೆಯ ಸಾಲುಗಳನ್ನು ತೆಗೆದಿದ್ದೇನೆ ಅಂತ ನೆನೆಸಿದ್ದೆ," ಎಂದರು ಆಮೇಲೆ. "ತೆಗೆದದ್ದು ಪುಸ್ತಕದಲ್ಲಿ ಮಾತ್ರ ಅಂತ ಕಾಣ್ತದೆ." ಕೂತು ಹುಡುಕಿದರು, ಆ ಸಾಲುಗಳು ಸಿಕ್ಕಿದವು, ತೆಗೆದರು. ಹುಡುಗಿಯ ಪ್ರೋಗ್ರಾಮು ಯಂತ್ರದಲ್ಲೇ ಉಳಿದಿತ್ತು. ಒಂದಕ್ಷರ ಮುಟ್ಟದೆ ಓಡಿಸಿದೆವು. ಉಡುಪಿಯ ಮಳೆ ಉಡುಪಿಯಲ್ಲಿ, ಕಾರ್ಕಳದ ಮಳೆ ಕಾರ್ಕಳದಲ್ಲಿ, ಹತ್ತಕ್ಕೆ ಹತ್ತು ದಿನವೂ.

ಅವರು ಪರೀಕ್ಷಕರಿಗೆ ಒಂದು ಪತ್ರ ಬರೆದರು, ತಪ್ಪು ತನ್ನದು ಎಂದು. ನಾನು ಕೆಳಗೆ ಬರೆದೆ, ಅದನ್ನು ಹಿಡಿಯದೆ ಸಹಿ ಹಾಕಿದ ತಪ್ಪು ನನ್ನದು, ಹುಡುಗಿಯ ಮಾತು ಕೇಳದ ತಪ್ಪೂ ನನ್ನದು ಎಂದು. ಅವರು ಮನೆಗೆ ಉಣ್ಣಲು ಹೋದರು. ನಾನು ಕಾರ್ಕಳದ ಬಸ್ಸು ಹತ್ತಿದೆ.

ಹಿರಿಯಡ್ಕ, ಬೈಲೂರು ದಾಟುವವರೆಗೂ ನನ್ನ ತಲೆಯಲ್ಲಿ ಒಂದೇ ಯೋಚನೆ: ಲಕೋಟೆಗೆ ಅರಗು ಹಾಕಿ ಆಗಿದ್ದರೆ? ಅರಗಿನ ಮುದ್ರೆ ಬಿದ್ದ ಲಕೋಟೆಯನ್ನು ಪರೀಕ್ಷಕರೂ ಒಡೆಯುವ ಹಾಗಿಲ್ಲ. ಒಡೆದರೆ ಅವರ ಮೇಲೆ ವಿಚಾರಣೆ ಬರುತ್ತದೆ. ಮೆತ್ತಗಿನ ಮನುಷ್ಯ, ಯಾಕೆ ಕೈ ಹಾಕಿಯಾರು? ಮಂಗಳೂರಿಗೆ ಹೋದ ಮೇಲೆ ಅರ್ಜಿ, ಸಮಿತಿ, ಅದು ಇದು ಎಂದು ಎಷ್ಟು ತಿಂಗಳೋ. ಅಷ್ಟರಲ್ಲಿ ಎರ್ಮಾಳಿನ ಆ ಮಾವ ಹುಡುಗಿಯ ಪುಸ್ತಕ ಕಟ್ಟಿ ಅಟ್ಟಕ್ಕೆ ಹಾಕಿರುತ್ತಾರೆ.

ಮನೆ ಕೇಳಿಕೊಂಡು ಹೋದೆ. ಪರೀಕ್ಷಕರು ಜಗಲಿಯಲ್ಲೇ ಇದ್ದರು, ಮುಂದೆ ಒಂದು ಸ್ಟೂಲು, ಅದರ ಮೇಲೆ ಒಂದು ಕಾಗದ ಹರಡಿತ್ತು, ಕೈಯಲ್ಲಿ ಪೆನ್ಸಿಲು. ನನ್ನನ್ನು ನೋಡಿ ಗಡಿಬಿಡಿಯಲ್ಲಿ ಎದ್ದು ನಿಂತರು.

"ಬನ್ನಿ ಬನ್ನಿ. ನೀವು ಇಲ್ಲಿ!"

ಪತ್ರ ಕೊಟ್ಟೆ. ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಸ್ಟೂಲಿನ ಮೇಲಿನ ಕಾಗದವನ್ನು ನನ್ನ ಕಡೆ ತಿರುಗಿಸಿದರು. ಅದು ಆ ಹುಡುಗಿ ಮಡಚಿ ಇಟ್ಟುಹೋದ ಪ್ರೋಗ್ರಾಮು. ಪ್ರತಿ ಸಾಲಿನ ಮುಂದೆ ಪೆನ್ಸಿಲಿನ ಸಣ್ಣ ಗುರುತು.

"ನಿನ್ನೆಯಿಂದ ನೋಡ್ತಾ ಇದ್ದೇನೆ," ಎಂದರು. "ನಿಮ್ಮ ಪುಸ್ತಕ ಇಟ್ಟುಕೊಂಡು ಸಾಲು ಸಾಲು ನೋಡಿದೆ. ತಪ್ಪು ಎಲ್ಲಿ ಅಂತಲೇ ಸಿಗುವುದಿಲ್ಲ. ಅದಕ್ಕೇ ಲಕೋಟೆ ಅಂಟಿಸಿರಲಿಲ್ಲ."

"ಸಾರ್, ನಿನ್ನೆಯೇ ನನ್ನ ಹತ್ತಿರ ಒಂದು ಮಾತು ಕೇಳಬಹುದಿತ್ತಲ್ಲ?"

ಅವರು ಸಂಕೋಚದಿಂದ ನಕ್ಕರು. "ಕೇಳುವ ಅಂತ ಇದ್ದೆ. ನೀವು ಅಷ್ಟು ಗಟ್ಟಿಯಾಗಿ ಹೇಳಿದ ಮೇಲೆ ಬಾಯಿ ಬರಲಿಲ್ಲ."

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಆದರೆ ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ನಾಚಿಕೆಗಿಂತ ಸಮಾಧಾನವೇ ದೊಡ್ಡದಿತ್ತು. ಲಕೋಟೆ ತೆರೆದೇ ಇತ್ತು! ಅಂಕ ತಿದ್ದಿದರು, ತಿದ್ದಿದ ಕಡೆ ಇಬ್ಬರೂ ಸಹಿ ಹಾಕಿದೆವು, ಪತ್ರವನ್ನೂ ಜೊತೆಗೆ ಸೇರಿಸಿದರು. ಅವರ ಮನೆಯವರು ಬಡಿಸಿದ ಬನ್ಸನ್ನು ನಾನು ನಾಲ್ಕು ತಿಂದೆ. ಬೆಳಗಿನಿಂದ ಏನೂ ತಿಂದಿಲ್ಲವೆಂದು ಆಗಲೇ ನೆನಪಾದದ್ದು. ತಿರುಗಿ ಬರುವ ಬಸ್ಸಿನಲ್ಲಿ ಕಿಟಕಿಯಿಂದ ಮಳೆ ಎರಚುತ್ತಿತ್ತು, ನಾನು ಒದ್ದೆಯಾಗಿಯೇ ಕೂತು ಒಬ್ಬಳೇ ನಗುತ್ತಿದ್ದೆ. ಪಕ್ಕದಲ್ಲಿದ್ದ ಹೆಂಗಸು ಸ್ವಲ್ಪ ಸರಿದು ಕೂತರು.

ಸೋಮವಾರ ಆ ಹುಡುಗಿಯನ್ನು ಕರೆಸಿದೆ. ಬೈದದ್ದು ಎಲ್ಲರೆದುರು, ಹಾಗಾಗಿ ಹೇಳಿದ್ದೂ ಎಲ್ಲರೆದುರೇ. "ನಿನ್ನದು ಸರಿ ಇತ್ತು. ತಪ್ಪಿದ್ದು ನನ್ನದು" ಎಂದೆ. ಹೇಗೆ ತಪ್ಪಿತು ಎಂಬುದನ್ನೂ, ಚೆನ್ನೆಮಣೆಯ ಕಥೆಯನ್ನೂ ಹೇಳಿದೆ. ಹುಡುಗರು ನಗಬಹುದೆಂದುಕೊಂಡಿದ್ದೆ, ಯಾರೂ ನಗಲಿಲ್ಲ. ಹುಡುಗಿ ಮಾತ್ರ ಸ್ವಲ್ಪ ಯೋಚಿಸಿ ಹೇಳಿದಳು:

"ನಾನಾದರೂ ನಾಲ್ಕೇ ತುಂಬಿಸುತ್ತಿದ್ದೆ ಮೇಡಂ. ನಮ್ಮಲ್ಲಿಯೂ ಮಣೆ ಖಾಲಿ ಇಡುವುದಿಲ್ಲ."

ಅಲ್ಲಿಗೆ ಕಥೆ ಮುಗಿಯಿತೆಂದು ನಾನು ಎಣಿಸಿದ್ದೆ. ಮುಂದಿನ ಭಾನುವಾರ ತಾಯಿ ಬಂದರು. ಈ ಸಲ ನಾನು ಒಳಗೆ ಹೋಗಿ ಅಡಗಲಿಲ್ಲ, ಜಗಲಿಯಲ್ಲೇ ಆಕೆಯ ಎದುರು ಕೂತೆ.

"ಅಕ್ಕಾ, ನಿಮಗೆ ಒಂದು ವಿಷಯ ಹೇಳಬೇಕು. ನಿಮ್ಮ ಮಗಳನ್ನು ಆ ಶನಿವಾರ ನಾನು ಫೇಲು ಮಾಡಿದ್ದೆ. ತಪ್ಪಾಗಿ. ಆಮೇಲೆ ಸರಿ ಮಾಡಿದೆ. ನಿಮಗೆ ಗೊತ್ತಿರಲಿಕ್ಕಿಲ್ಲ."

"ಗೊತ್ತುಂಟು ಟೀಚರೇ," ಎಂದರು ಆಕೆ. "ಆ ರಾತ್ರಿ ಅವಳು ಉಣ್ಣಲಿಲ್ಲ. ಎಲ್ಲ ಹೇಳಿದಳು. ಮಾವನಿಗೆ ಹೇಳಬೇಡ, ನಾಳೆ ನಾನೇ ಹೋಗಿ ಟೀಚರ ಹತ್ತಿರ ಕೇಳ್ತೇನೆ ಅಂತ ನಾನೇ ಹೇಳಿದ್ದು."

"ಹಾಗಾದರೆ ಅವತ್ತು..."

"ಕೇಳಲಿಕ್ಕೆಂದೇ ಬಂದದ್ದು. ನೀವು ಮುಖ ಗಂಟು ಹಾಕಿಕೊಂಡು ಒಳಗೆ ಹೋದಿರಿ. ಹೊರಗೆ ಬರುವಿರಿ, ಬಂದಾಗ ಕೇಳುವ ಅಂತ ಅಕ್ಕನ ಹತ್ತಿರ ಆಡುತ್ತಾ ಕೂತೆ. ಚಹಾ ಹಿಡಿದು ಬಂದಿರಿ. ಬಾಯಿ ತೆರೆಯುವಷ್ಟರಲ್ಲಿ ಕೊಡೆ ಹಿಡಿದು ಹೊರಟೇಹೋದಿರಿ." ಆಕೆ ಬುಟ್ಟಿಯ ಅಂಚನ್ನು ಒರೆಸಿದರು. "ಆಟದ ಮೇಲೆ ಗಮನ ಎಲ್ಲಿಂದ ಬರಬೇಕು? ಮೂರೂ ಸೋತೆ."

ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ. ಒಳಗಿನಿಂದ ದೊಡ್ಡಮ್ಮ ಮಣೆ ಹಿಡಿದುಕೊಂಡು ಬಂದು ನಮ್ಮಿಬ್ಬರ ನಡುವೆ ಇಟ್ಟರು. ಆಕೆ ಬಟ್ಟೆ ಸರಿಸಿದರು. ಹದಿನಾಲ್ಕು ಗುಳಿಗಳಲ್ಲೂ ನಾಲ್ಕು ನಾಲ್ಕು ಕಾಯಿ.

"ಕೂತುಕೊಳ್ಳಿ ಟೀಚರೇ," ಎಂದರು. "ಇವತ್ತು ನಿಮ್ಮೊಟ್ಟಿಗೆ ಆಡುವ."

ಆಡಿದೆವು. ಆಕೆ ನನ್ನನ್ನು ಮೂರು ಸಲವೂ ಸೋಲಿಸಿದರು.